ಚಕ್ರಕ್ಕೆ ಬಿಟ್ಟ ಕೀಲೆಣ್ಣೆ

ಮೊನ್ನೆ ಬೆಳಿಗ್ಗೆ ಮಂಡ್ಯದ ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು. ಕಬ್ಬು ಇಳಿಸಿ ಬಂದಿದ್ದ ಒಬ್ಬ ಗಾಡಿಯವನು ಎತ್ತುಗಳನ್ನು ನೆರಳಿಗೆ ಕಟ್ಟಿ, ಚಕ್ರವನ್ನು ಸ್ವಲ್ಪ ಹೊರಕ್ಕೆಳೆದು, ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕಪ್ಪು ಜಿಡ್ಡು. ಅದು ಬಿದಿರಿನ ಗೊಟ್ಟದಿಂದ ಎಳೆಯಾಗಿ ಇಳಿಯುತ್ತಿತ್ತು. ವಾಸನೆ ನನ್ನ ಮೂಗಿಗೆ ಬಂತು. ಔಷಧಿ ತರಲು ಹೊರಟಿದ್ದವನು ಅಲ್ಲೇ ನಿಂತುಬಿಟ್ಟೆ. ಗಾಡಿಯವನು ತಲೆಯೆತ್ತಿ, "ಏನ್ ಸ್ವಾಮಿ, ಗಾಡಿ ಬೇಕಿತ್ತಾ?" ಎಂದ. ಬೇಡ ಎಂದು ಕೈಯಾಡಿಸಿದೆ.

ಅದರ ಹಿಂದಿನ ದಿನವಷ್ಟೇ ಮಗ ನನ್ನನ್ನು ಒಂದು ಮಾತು ಕೇಳಿದ್ದ. ಅವನ ಕಾರಿಗೆ ವಯಸ್ಸಾಗಿದೆ. ತಿಂಗಳಿಗೊಂದು ಸಲ ವರ್ಕ್‌ಶಾಪಿಗೆ ಹೋಗಿ ಬರುತ್ತದೆ. "ಅಪ್ಪ, ಇದನ್ನ ಮಾರಿ ಬೇರೆ ತಗೊಳ್ಳೋದಾ, ಇನ್ನೊಂದು ಸಲ ರಿಪೇರಿ ಮಾಡ್ಸೋದಾ?" ಎಂದಿದ್ದ. ಕಾರಿನ ವಿಷಯ ನನಗೇನು ಗೊತ್ತು ಎಂದು ತಪ್ಪಿಸಿಕೊಂಡಿದ್ದೆ. ಅದು ಸುಳ್ಳು. ಕಾರಿನ ವಿಷಯ ನನಗೆ ಬಹಳ ಗೊತ್ತಿಲ್ಲದಿದ್ದರೂ, ಮುದಿ ಕಾರಿನ ವಿಷಯದಲ್ಲಿ ತೀರ್ಮಾನವನ್ನೇ ತೆಗೆದುಕೊಳ್ಳದ ಮನುಷ್ಯನೊಬ್ಬನ ವಿಷಯ ಬೇಕಾದಷ್ಟು ಗೊತ್ತು.

ಆ ಮನುಷ್ಯನ ಹೆಸರನ್ನು ಬರೆಯುವುದಿಲ್ಲ. ಮಳವಳ್ಳಿಯಲ್ಲಿ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಇಲ್ಲಿ ಬಹುವಚನ ಬಳಸುತ್ತಿರುವುದು ಅಭ್ಯಾಸಬಲದಿಂದ. ಅದನ್ನು ಗೌರವವೆಂದು ಯಾರೂ ತಿಳಿಯಬಾರದು.

ಮೂವತ್ತರ ದಶಕದ ನಡುವಿನ ಮಾತು. ಮಂಡ್ಯ ಇನ್ನೂ ಜಿಲ್ಲೆಯಾಗಿರಲಿಲ್ಲ. ಕಾರ್ಖಾನೆಯ ಚಿಮಣಿಯಿಂದ ಹೊಗೆ ಬರಲು ಶುರುವಾಗಿ ಬಹಳ ದಿನವಾಗಿರಲಿಲ್ಲ. ನಾನು ಮಳವಳ್ಳಿಯ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಬಂದೆ. ಇನ್ನೂ ಮದುವೆಯಾಗಿರಲಿಲ್ಲ. ಯಜಮಾನರು ತಮ್ಮ ಮನೆಯ ಮುಂಭಾಗದ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಬಾಡಿಗೆ ಬೇಡ, ಅದರ ಬದಲು ಅವರ ಕಾಗದಪತ್ರ ಬರೆದುಕೊಡಬೇಕು. ನನಗೆ ಆಗ ಅದು ಒಳ್ಳೆಯ ಏರ್ಪಾಡು ಎನಿಸಿತ್ತು. ಪುಕ್ಕಟೆ ಸಿಕ್ಕಿದ ಕೋಣೆಯಲ್ಲಿ ಕೂತ ಮನುಷ್ಯ ಬಾಯಿ ಬಿಡುವ ಮೊದಲು ಸೂರಿನ ಕಡೆ ನೋಡುತ್ತಾನೆ ಎಂಬುದು ಆಮೇಲೆ ತಿಳಿಯಿತು.

ದೊಡ್ಡ ಮನೆ, ದೊಡ್ಡ ಮೀಸೆ, ದೊಡ್ಡ ದನಿ. ಬುದ್ಧಿ ಕೊಡುವಾಗ ಮಾತ್ರ ದೇವರು ಕೈ ಬಿಗಿ ಹಿಡಿದಿದ್ದ. ಊರಿನಲ್ಲಿ ಮೋಟಾರು ಕಾರು ಇದ್ದದ್ದು ಬೆರಳೆಣಿಕೆಯ ಮನೆಗಳಲ್ಲಿ, ನಮ್ಮ ಬೀದಿಯಲ್ಲಂತೂ ಅವರದೊಂದೇ. ಮೈಸೂರಿನಲ್ಲಿ ಯಾರೋ ಉಪಯೋಗಿಸಿ, ಸಾಕಾಗಿ, ಬಿಟ್ಟದ್ದನ್ನು ಇವರು ಮೆರವಣಿಗೆ ಮಾಡಿಕೊಂಡು ತಂದಿದ್ದರು. ಕ್ಯಾನ್ವಾಸಿನ ಮಾಡು, ರಬ್ಬರಿನ ಉಂಡೆ ಅಮುಕಿದರೆ ಪೋಂ ಎನ್ನುವ ಹಾರನ್ನು, ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಕೆಮ್ಮಿ ಕೆಮ್ಮಿ ಎದ್ದೇಳುವ ಇಂಜಿನ್ನು. ಬ್ರೇಕು ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಆಗ ನನಗೂ ಗೊತ್ತಿರಲಿಲ್ಲ.

ಯಜಮಾನರಿಗೆ ಕಾರೆಂದರೆ ಎತ್ತಿಲ್ಲದ ಗಾಡಿ. ಅದರ ಬಾನೆಟ್ಟನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟುತ್ತಿದ್ದರು. ರೇಡಿಯೇಟರಿಗೆ ನೀರು ಹಾಕುವುದಕ್ಕೆ "ನೀರು ಕುಡ್ಸೋದು" ಎನ್ನುತ್ತಿದ್ದರು. ಮಾಡು ಹರಿದಾಗ ಚಪ್ಪಲಿ ಹೊಲಿಯುವವನನ್ನು ಕರೆಸಿ ಚರ್ಮದ ತೇಪೆ ಹಾಕಿಸಿದರು. ಮುಂದಿನ ಒಂದು ದೀಪ ಒಡೆದಾಗ ಅಲ್ಲಿಗೆ ಲಾಟೀನು ಕಟ್ಟಿಸಿದರು. ಬಾಗಿಲು ನಿಲ್ಲದಾದಾಗ ಹಸು ಕಟ್ಟುವ ಕಣ್ಣಿಹಗ್ಗ ಬಿಗಿಸಿದರು. ಮರಗೆಲಸದವನು, ಕಮ್ಮಾರ, ಹಗ್ಗ ಹೊಸೆಯುವವನು, ಊರಿನ ಕಸುಬಿನವರೆಲ್ಲ ಆ ಕಾರಿಗೆ ಒಂದೊಂದು ಸಲ ಕೈ ಹಚ್ಚಿದ್ದರು, ಮೋಟಾರು ಬಲ್ಲವನೊಬ್ಬನನ್ನು ಬಿಟ್ಟು. ಮೋಟಾರು ಬಲ್ಲವನು ಮನೆಯಲ್ಲೇ ಇದ್ದ. ಅವನ ಮಾತನ್ನು ಮಾತ್ರ ಕೇಳುತ್ತಿರಲಿಲ್ಲ.

ಅವನು ಡ್ರೈವರು. ಪೂರಿಗಾಲಿಯವನು, ಮೂವತ್ತರ ಆಸುಪಾಸು. ಅಪ್ಪ ಬಾಡಿಗೆ ಗಾಡಿ ಹೊಡೆಯುತ್ತಿದ್ದವನು. ಮಗ ಮೈಸೂರಿಗೆ ಹೋಗಿ ಮೋಟಾರು ಶೆಡ್ಡೊಂದರಲ್ಲಿ ವರ್ಷಗಟ್ಟಲೆ ದುಡಿದು, ಕೆಲಸ ಕಲಿತು, ಲೈಸೆನ್ಸು ಪಡೆದು ಬಂದಿದ್ದ. ಆ ಲೈಸೆನ್ಸನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಳ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಯಾರೂ ಕೇಳದಿದ್ದರೂ ಒಂದೆರಡು ಸಲ ನನಗೆ ತೋರಿಸಿದ್ದ. "ನಮ್ಮ ವಂಶದಲ್ಲಿ ಸರ್ಕಾರದ ಮೊಹರಿರೋ ಕಾಗ್ದ ಇದೊಂದೇ ಕನ್ ಮೇಷ್ಟ್ರೇ" ಎಂದಿದ್ದ. ಇಂಜಿನ್ನು ಓಡುವಾಗ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದ. ನನಗೆ ಅವನನ್ನು ಕಂಡರೆ ಸಲಿಗೆ ಇತ್ತು. ಗೌರವವಿತ್ತು ಎಂದು ಬರೆದರೆ ತಪ್ಪಾಗುತ್ತದೆ. ಗಾಡಿಯವನ ಮಗನನ್ನು ಗೌರವಿಸುವ ಅಭ್ಯಾಸ ಆ ಕಾಲದ ನನ್ನಂಥವರಿಗೆ ಇರಲಿಲ್ಲ.

ಕಾರು ಬದಲಾಯಿಸುವ ಮಾತು ಶುರುವಾದದ್ದು ಯಲಿಯೂರಿನಲ್ಲಿ. ಯಜಮಾನರು ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಒಂದು ಯುಗಾದಿಗೆ ಹೋದಾಗ ಬೀಗರ ಅಂಗಳದಲ್ಲಿ ಹೊಸ ಕಾರು ನಿಂತಿತ್ತು. ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ನಮ್ಮದು ಕಣ್ಣಿ ಕಟ್ಟಿಕೊಂಡು, ತೇಪೆ ಹೊದ್ದುಕೊಂಡು ಅದರ ಪಕ್ಕದಲ್ಲಿ ಹೋಗಿ ನಿಂತಿತು. ಬೀಗರು ಜಗಲಿಯಿಂದ ಇಳಿದು ಬಂದು, ನಮ್ಮ ಕಾರನ್ನು ಒಂದು ಸುತ್ತು ಹಾಕಿ, ಮುಖ ಗಂಭೀರ ಮಾಡಿಕೊಂಡು ಕೇಳಿದರು: "ಗಾಡಿ ಏನೋ ಬಂತು ಬೀಗ್ರೇ. ಎತ್ತು ಎಲ್ಲಿ ಬುಟ್ಬಂದ್ರಿ?"

ಅಂಗಳವೆಲ್ಲ ನಕ್ಕಿತು. ಬಾಗಿಲ ಹಿಂದೆ ನಿಂತಿದ್ದ ಮಗಳೂ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾನೂ ನಕ್ಕೆ. ನಗದೆ ನಿಂತಿದ್ದವನು ಡ್ರೈವರೊಬ್ಬನೇ.

ಮಳವಳ್ಳಿಗೆ ಬಂದ ಮಾರನೆಯ ದಿನವೇ ಯಜಮಾನರು ನನ್ನ ಕೋಣೆಗೆ ಬಂದರು. "ಮೇಷ್ಟ್ರೇ, ಬೆಂಗ್ಳೂರ್ ಕಾರ್ ಏಜೆಂಟ್ರಿಗೆ ಬರೀರಿ. ಇಂಗ್ಲೀಷ್ನಲ್ಲೇ ಬರೀರಿ. ಬೀಗನ್ ಕಾರ್ಗಿಂತ ಒಂದ್ ಗೇಣಾದ್ರೂ ಉದ್ದ ಇರ್ಬೇಕು ಅಂತ ಬರೀರಿ." ಬರೆದೆ. ಗೇಣಿನ ವಿಷಯ ಬಿಟ್ಟು ಬರೆದೆ. ಅವರು ಕನ್ನಡದಲ್ಲಿ ಸಹಿ ಹಾಕಿದರು. ಟಪಾಲಿಗೆ ಹಾಕುವುದನ್ನು ಮಾತ್ರ ತಡೆದರು. ಒಳ್ಳೆಯ ದಿನ ನೋಡಬೇಕಂತೆ.

ಆ ಒಳ್ಳೆಯ ದಿನ ಬರಲೇ ಇಲ್ಲ. ಮದುವೆ ಮುಂಜಿಗಳ ಗಲಾಟೆಯಲ್ಲಿ ವೈಶಾಖ ಜ್ಯೇಷ್ಠ ಕಳೆದವು. ಆಷಾಢದಲ್ಲಿ ಹೊಸ ವಸ್ತು ಮನೆಗೆ ತರಬಾರದು. ಶ್ರಾವಣ ತುಂಬ ಹಬ್ಬ. ಭಾದ್ರಪದದಲ್ಲಿ ಪಿತೃಪಕ್ಷ. ಅದು ಮುಗಿಯಿತೆನ್ನುವಾಗ ನವರಾತ್ರಿ. ಮನೆಯಲ್ಲಿರುವ ಆಯುಧಕ್ಕೆ ಪೂಜೆಯಾಗದೆ ಅದನ್ನು ಹೊರಗೆ ಕಳಿಸುವಂತಿಲ್ಲ. ಪೂಜೆಯಾದ ಮೇಲೆ? ನಾನು ಕಾಗದ ಹಿಡಿದುಕೊಂಡು ಹೋಗಿ ಕೇಳಿದೆ. ಯಜಮಾನರು ನನ್ನನ್ನೇ ಅಸಹ್ಯದಿಂದ ನೋಡಿದರು. "ಏನ್ ಮೇಷ್ಟ್ರೇ, ಓದ್ದೋರು ಇಂಗ್ ಮಾತಾಡ್ತೀರಾ? ಮೊನ್ನೆ ತಾನೆ ಹಣೆಗೆ ಕುಂಕುಮ ಇಕ್ಕಿದೀನಿ. ಕುಂಕುಮ ಇರೋದ್ನ ಮಾರಾಕ್ಕಾಯ್ತದಾ?"

ಕುಂಕುಮ ಅಳಿಸುವ ಹೊತ್ತಿಗೆ ಧನುರ್ಮಾಸ ಬಂತು. ಅದು ದಾಟುವ ಹೊತ್ತಿಗೆ ಅವರಿಗೆ ಬೀಗರ ಮಾತು ಮರೆತುಹೋಗಿತ್ತು. ಮುಂದಿನ ಯುಗಾದಿಗೆ ಬೀಗರು ಮತ್ತೆ ನೆನಪು ಮಾಡಿಕೊಟ್ಟರು. ಮತ್ತೆ ಕಾಗದ, ಮತ್ತೆ ಸಹಿ, ಮತ್ತೆ ಆಷಾಢ. ಹೀಗೆ ಎರಡು ವರ್ಷ. ನಾನು ಈ ಕಥೆಯನ್ನು ಶಾಲೆಯಲ್ಲಿ ಉಳಿದ ಮೇಷ್ಟ್ರುಗಳಿಗೆ ಹೇಳಿ ಚೆನ್ನಾಗಿ ನಗಿಸುತ್ತಿದ್ದೆ. ಯಜಮಾನರ ಮೂರ್ಖತನ ನನಗೆ ಒಂದು ರೀತಿಯ ಊಟವಾಗಿತ್ತು. ಅದನ್ನು ತಿದ್ದಬೇಕೆಂದು ನನಗೆ ಒಂದು ದಿನವೂ ಅನಿಸಲಿಲ್ಲ.

ಮೂರನೆಯ ವರ್ಷ ದಸರೆಗೆ ಮುಂಚೆ ಕಾರಿನ ಹಿಂದಿನ ಚಕ್ರಗಳು ಕೂಗತೊಡಗಿದವು. ಬ್ರೇಕು ತುಳಿದಾಗಲೆಲ್ಲ ಕೀರ್ ಎಂಬ ಸದ್ದು, ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಡ್ರೈವರು ಜಗಲಿಯ ಕೆಳಗೆ ನಿಂತು ಯಜಮಾನರಿಗೆ ಹೇಳಿದ್ದನ್ನು ನಾನು ಕೋಣೆಯ ಕಿಟಕಿಯಿಂದ ಕೇಳಿದೆ.

"ಬುದ್ಧಿ, ಇಂದ್ಲ ಚಕ್ರದಲ್ಲಿ ಬ್ರೇಕಿನ ಪಟ್ಟಿ ಸವ್ದೋಗದೆ. ಹೊಸಾದು ತರ್ಸಿ. ಇಲ್ಲ ಅಂದ್ರೆ ಕಾರ್ನೇ ಬದ್ಲಾಯ್ಸಿ. ಇಂಗೇ ಓಡ್ಸುದ್ರೆ ಒಂದಿನ ಯಾರ್ದಾದ್ರೂ ಜೀವ ತಗೀತೀವಿ."

"ಬ್ರೇಕ್ ಯಾಕ್ಲಾ ನಿಂಗೆ? ಓಡ್ಸಾಕ್ ಬರೋನ್ಗೆ ಬ್ರೇಕ್ ಬೇಕಾ? ನಿಮ್ಮಪ್ಪ ಬ್ರೇಕ್ ಇಟ್ಕಂಡು ಗಾಡಿ ಒಡೀತಿದ್ನಾ?"

"ನಮ್ಮಪ್ಪನ್ ಎತ್ಗೊಳು ಓ ಅಂದ್ರೆ ನಿಂತ್ಕತಿದ್ವು ಬುದ್ಧಿ. ಇದು ನಿಂತ್ಕಳಾಕಿಲ್ಲ."

ಯಜಮಾನರು ಎಲೆಯಡಿಕೆ ಉಗಿದು ಒಳಗೆ ಹೋದರು. ಡ್ರೈವರು ನನ್ನ ಕಿಟಕಿಯ ಬಳಿ ಬಂದ. "ಮೇಷ್ಟ್ರೇ, ನೀವು ಬರೀರಿ. ಎರಡೇ ಸಾಲು. ಪಟ್ಟಿ ಕಳ್ಸಿ ಅಂತ. ಅವ್ರ ಕೈಲಿ ಸಹಿ ನಾ ಆಕುಸ್ಕತೀನಿ." ಬರೆದೆ. ಸಹಿಯೂ ಬಿತ್ತು. "ಪೂಜೆ ಆಗ್ಲಿ, ಆಮೇಲೆ ಟಪಾಲ್ಗೆ ಆಕಿ" ಎಂದರು ಯಜಮಾನರು. ಆ ಕಾಗದ ನನ್ನ ಮೇಜಿನ ಮೇಲೆ, ಮಸಿ ಕುಡಿಕೆಯ ಕೆಳಗೆ ಉಳಿಯಿತು. ಅಂಚೆ ಕಚೇರಿ ನಮ್ಮ ಶಾಲೆಗೆ ಹೋಗುವ ದಾರಿಯಲ್ಲೇ ಇತ್ತು.

ಆಯುಧಪೂಜೆಯ ದಿನ ನಡೆದದ್ದನ್ನು ನಾನು ಕಂಡಂತೆ, ಕಂಡಷ್ಟೇ ಬರೆಯುತ್ತೇನೆ.

ಬೆಳಿಗ್ಗೆ ಡ್ರೈವರು ಕಾರನ್ನು ತೊಳೆದ. ಚಕ್ರಗಳನ್ನು ಒಂದೊಂದಾಗಿ ತೆಂಗಿನ ನಾರಿನಿಂದ ಉಜ್ಜಿದ. ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ. ಆಮೇಲೆ ಬೂದುಗುಂಬಳ ತರಲು ಪೇಟೆಯ ಕಡೆ ಹೋದ. ನಾನು ಸ್ನಾನ ಮುಗಿಸಿ ಜಗಲಿಯ ಮೇಲೆ ನಿಂತಿದ್ದೆ. ಯಜಮಾನರು ಮಡಿಪಂಚೆಯುಟ್ಟು ಹೊರಗೆ ಬಂದರು. ಗಾಡಿ ಕೊಟ್ಟಿಗೆಗೆ ಹೋಗಿ ಎತ್ತಿನ ಗಾಡಿಗಳ ಅಚ್ಚಿಗೆ ತಾವೇ ಕೀಲೆಣ್ಣೆ ಬಿಟ್ಟರು. ವರ್ಷಕ್ಕೊಂದು ಸಲ ಆ ದಿನ ಯಜಮಾನನೇ ತನ್ನ ಕೈಯಾರೆ ಬಿಡುವುದು ಅವರ ಮನೆಯ ಪದ್ಧತಿ. ಆಮೇಲೆ ಗೊಟ್ಟ ಹಿಡಿದುಕೊಂಡು ಕಾರಿನ ಬಳಿ ಬಂದರು. ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಕೂಗ್ಕತೀಯಾ? ಬಾಯಾರಿತ್ತಾ?" ಎಂದರು ಚಕ್ರಕ್ಕೆ.

ಚಕ್ರದ ಒಳಮಗ್ಗುಲಲ್ಲಿ, ಬ್ರೇಕಿನ ಡಬ್ಬಿಯ ಸಂದಿಗೆ ಗೊಟ್ಟದ ಬಾಯಿ ಇಟ್ಟು, ಎಣ್ಣೆ ಬಿಟ್ಟರು. ಸಾಕೆನ್ನುವಷ್ಟು ಬಿಟ್ಟರು. ಎದ್ದು ಆ ಕಡೆಯ ಚಕ್ರಕ್ಕೂ ಬಿಟ್ಟರು. ಕೆಳಗೆ ತೊಟ್ಟಿಕ್ಕಿದ್ದನ್ನು ತಮ್ಮ ಪಂಚೆಯ ಅಂಚಿನಿಂದಲೇ ಒರೆಸಿದರು. ನನ್ನ ಕಡೆ ತಿರುಗಿ, "ನೋಡಿದ್ರಾ ಮೇಷ್ಟ್ರೇ? ಇದುಕ್ಕೆ ಬೆಂಗ್ಳೂರಿಂದ ಪಟ್ಟಿ ಬೇಕಂತೆ" ಎಂದರು.

ನಾನು ನೋಡಿದೆ. ಮೋಟಾರಿಗೆ ಕೀಲೆಣ್ಣೆ ಬಿಡುವ ಮನುಷ್ಯನನ್ನು ಕಂಡು ನನಗೆ ಒಳಗೊಳಗೇ ಖುಷಿಯಾಯಿತು. ಶಾಲೆ ತೆರೆದ ದಿನ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕಿರಲಿಲ್ಲ. ಬ್ರೇಕಿನ ಪಟ್ಟಿಗೆ ಎಣ್ಣೆ ತಾಗಿದರೆ ಅದು ಹಿಡಿಯುವುದಿಲ್ಲ ಎಂದು ಆಗ ನನಗೆ ತಿಳಿದಿತ್ತೇ? ಖಚಿತವಾಗಿ ತಿಳಿದಿರಲಿಲ್ಲ. ಡ್ರೈವರಿಗೆ ಹೇಳಬೇಕಾದ ಸಂಗತಿ ಇದು ಎಂದು ತಿಳಿದಿತ್ತೇ? ತಿಳಿದಿತ್ತು. ಅವನು ಕುಂಬಳಕಾಯಿ ಹೊತ್ತು ತಂದ. ಪೂಜೆಯಾಯಿತು. ಚಕ್ರದ ಕೆಳಗಿನ ನಿಂಬೆಹಣ್ಣುಗಳ ಮೇಲೆ ಹಾಯಿಸಲು ಕಾರನ್ನು ನಾಲ್ಕು ಮಾರು ಮುಂದಕ್ಕೆ ತಳ್ಳಿ ನಿಲ್ಲಿಸಿದರು. ತಳ್ಳಿದ್ದರಿಂದ ಬ್ರೇಕು ತುಳಿಯುವ ಪ್ರಸಂಗವೇ ಬರಲಿಲ್ಲ. ಪ್ರಸಾದ ತಿಂದೆವು. ನಾನು ಹೇಳಲಿಲ್ಲ.

ಮಾರನೆಯ ದಿನ ವಿಜಯದಶಮಿ. ಬೀಗರ ಮನೆಗೆ ಹೋಗಬೇಕೆಂದು ಯಜಮಾನರು ಬೆಳಿಗ್ಗೆಯೇ ಹೊರಟರು. ಮದ್ದೂರು, ಮಂಡ್ಯ ದಾಟಿ ಯಲಿಯೂರು. ಅವರು ಮುಂದೆ, ಡ್ರೈವರಿನ ಪಕ್ಕದಲ್ಲಿ. ನಾನು ಹಿಂದೆ, ಒಂದು ಬಾಳೆಗೊನೆಯ ಜೊತೆ. ಊರ ಹೊರಗೆ ದನ ಅಡ್ಡ ಬಂದಾಗ ಡ್ರೈವರು ಬ್ರೇಕು ತುಳಿದ. ಕೀರ್ ಎನ್ನಲಿಲ್ಲ. ಕಾರು ನಿಲ್ಲಲೂ ಇಲ್ಲ. ಎಳೆದುಕೊಂಡು ಹೋಗಿ, ಕೈಬ್ರೇಕನ್ನೂ ಜಗ್ಗಿದ ಮೇಲೆ ಹೇಗೋ ನಿಂತಿತು. ದನ ಪಾರಾಯಿತು.

"ಸದ್ದು ಓಯ್ತು, ನೋಡ್ದಾ!" ಎಂದು ಯಜಮಾನರು ತೊಡೆ ತಟ್ಟಿಕೊಂಡರು.

ಡ್ರೈವರು ಕೈಬ್ರೇಕನ್ನು ಬಿಟ್ಟಿರಲಿಲ್ಲ. "ಬುದ್ಧಿ, ಬ್ರೇಕ್ ಇಡೀತಿಲ್ಲ. ಏನೋ ಆಗದೆ. ವಾಪಸ್ ಓಗವ. ಚಕ್ರ ಬಿಚ್ಚಿ ನೋಡ್ತೀನಿ."

"ದಶ್ಮಿ ದಿವ್ಸ ಹೊಸ್ಲು ದಾಟುದ್ ಗಾಡೀನ ತಿರುಗ್ಸಾದಾ? ಬೀಗ್ರಿಗೇನ್ ಹೇಳ್ಲಿ? ನಡೀಲಾ, ಮೆಲ್ಗೆ ಓಡ್ಸು."

ಡ್ರೈವರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಯಾಕೆ ನೋಡಿದನೋ… ಓದಿದವನು ಒಂದು ಮಾತು ಹೇಳಲಿ ಎಂದಿರಬೇಕು. ಆ ಕ್ಷಣಕ್ಕೆ ನನಗೆ ಗೊಟ್ಟ, ಎಣ್ಣೆ, ಪಂಚೆಯ ಅಂಚು ಎಲ್ಲವೂ ಕಣ್ಣಮುಂದೆ ಬಂದವು. ಎಣ್ಣೆಗೂ ಇದಕ್ಕೂ ಸಂಬಂಧವಿದೆ ಎಂದು ಹೊಳೆಯಿತು. ಯಜಮಾನರ ಕತ್ತು ನನ್ನ ಮುಂದೆ ಒಂದು ಮೊಳದ ದೂರದಲ್ಲಿತ್ತು. ನಾನು ಬಾಳೆಗೊನೆಯನ್ನು ಸರಿಯಾಗಿ ಹಿಡಿದುಕೊಂಡೆ.

ಮದ್ದೂರು ಇನ್ನೂ ಮೂರು ಮೈಲಿ ಇರುವಾಗ ಒಂದು ಕೆರೆಯ ಏರಿ ಸಿಗುತ್ತಿತ್ತು. ಏರಿ ಮುಗಿದು ರಸ್ತೆ ಇಳಿಯುವಲ್ಲಿ, ಎದುರಿಗೆ ಹೆಂಗಸರು ಮಕ್ಕಳು ತುಂಬಿದ್ದ ಎತ್ತಿನ ಗಾಡಿ ಬರುತ್ತಿತ್ತು. ಡ್ರೈವರು ಮೊದಲೇ ನಿಧಾನ ಮಾಡಿಕೊಂಡಿದ್ದ. ಆದರೂ ಇಳಿಜಾರಿನಲ್ಲಿ ಕಾರು ತನ್ನಷ್ಟಕ್ಕೆ ಓಡತೊಡಗಿತು. ಅವನು ತುಳಿದ, ಜಗ್ಗಿದ, ಹಾರನ್ನು ಅಮುಕಿದ. ಎತ್ತುಗಳು ಬೆದರಿ ರಸ್ತೆಗೆ ಅಡ್ಡ ನಿಂತವು. ಎಡಗಡೆ ಗದ್ದೆಯ ಇಳುಕಲು. ಅತ್ತ ತಿರುಗಿಸಿದ್ದರೆ ಕಾರು ಯಜಮಾನರ ಮಗ್ಗುಲಾಗಿ ಉರುಳುತ್ತಿತ್ತು. ಬಲಗಡೆ ಒಂದು ಹುಣಿಸೆಮರ. ಡ್ರೈವರು ಬಲಕ್ಕೆ ತಿರುಗಿಸಿದ, ತಾನು ಕೂತಿದ್ದ ಕಡೆಗೆ.

ಸದ್ದು ನೆನಪಿಲ್ಲ. ಆಮೇಲಿನ ಮೌನ ನೆನಪಿದೆ. ನನ್ನ ಹಣೆಯಲ್ಲಿ ರಕ್ತ ಬಂದಿತ್ತು, ಹೆಚ್ಚೇನೂ ಇಲ್ಲ. ಯಜಮಾನರಿಗೆ ತುಟಿ ಒಡೆದಿತ್ತು. ಗಾಡಿಯಲ್ಲಿದ್ದ ಒಬ್ಬರಿಗೂ ಏನೂ ಆಗಿರಲಿಲ್ಲ. ಡ್ರೈವರಿನ ಬಲಗೈ ಮೊಣಕೈಯಿಂದ ಕೆಳಗೆ ಬಾಗಿಲಿಗೂ ಮರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಅವನು ಕೂಗಲಿಲ್ಲ. ಯಜಮಾನರು ಇಳಿದು ಮೊದಲು ಪೇಟ ಹುಡುಕಿಕೊಂಡರು. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು, "ನಿನ್ನೆ ತಾನೆ ಪೂಜೆ ಮಾಡಿದ್ನಲ್ಲೋ…" ಎಂದು ಅತ್ತರು. ನಿಜವಾಗಿ ಅತ್ತರು. ಅಷ್ಟು ಹತ್ತಿರದಿಂದ ಅಷ್ಟು ಹೇಸಿಗೆಯ ದೃಶ್ಯವನ್ನು ನಾನು ಮತ್ತೆಂದೂ ನೋಡಿಲ್ಲ.

ಅದೇ ಎತ್ತಿನ ಗಾಡಿಯಲ್ಲಿ ಡ್ರೈವರನ್ನು ಮದ್ದೂರಿಗೆ ಕರೆದುಕೊಂಡು ಹೋದರು. ಜೀವ ಉಳಿಯಿತು. ಕೈಯನ್ನು ತೆಗೆಯಬೇಕಾಯಿತು.

ಕೆಲವು ದಿನಗಳ ಮೇಲೆ, ಡ್ರೈವರು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಜೊತೆಗೆ ಮಂಡ್ಯದಿಂದ ಒಬ್ಬ ಮೆಕ್ಯಾನಿಕ್ಕು. ಎತ್ತು ಕಟ್ಟಿ ಎಳೆತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ಕಾರಿನ ಹಿಂದಿನ ಚಕ್ರಗಳನ್ನು ಬಿಚ್ಚಿದರು. ಬ್ರೇಕಿನ ಡಬ್ಬಿಯೊಳಗೆಲ್ಲ ಕಪ್ಪು ಜಿಡ್ಡು. ಮೆಕ್ಯಾನಿಕ್ಕು ಬೆರಳಲ್ಲಿ ತೆಗೆದು ಮೂಸಿ, "ಕೀಲೆಣ್ಣೆ!" ಎಂದು ನಕ್ಕೇಬಿಟ್ಟ. ಅಧಿಕಾರಿ ಯಜಮಾನರ ಕಡೆ ನೋಡಿದರು. ಯಜಮಾನರು ಒಂದು ಗಳಿಗೆಯೂ ತಡಮಾಡಲಿಲ್ಲ. "ಗಾಡಿ ಹೊಡೆಯೋನ್ ಮಗ ಸ್ವಾಮಿ. ಜಾತಿಬುದ್ಧಿ ಎಲ್ಲೋಯ್ತದೆ? ಗಾಡಿ ಅನ್ಕಂಡು ಬುಟ್ಟವ್ನೆ" ಎಂದರು. ನೆರೆದವರೆಲ್ಲ ತಲೆದೂಗಿದರು. ಅದು ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಕಣ್ಣಾರೆ ಕಂಡಿದ್ದ ನನಗೇ ಒಂದು ಕ್ಷಣ ಹಾಗಿರಬಹುದು ಎನಿಸಿತು.

ಅಧಿಕಾರಿ ನನ್ನನ್ನು ಕರೆದರು. ಓದಿದವರು, ಕಾರಿನಲ್ಲಿದ್ದವರು, ನಂಬಬಹುದಾದ ಸಾಕ್ಷಿ ಎಂದರು. ಕೇಳಿದ್ದು ಎರಡು ಪ್ರಶ್ನೆ. ಪೂಜೆಯ ದಿನ ಡ್ರೈವರು ಚಕ್ರಗಳ ಹತ್ತಿರ ಕೆಲಸ ಮಾಡಿದ್ದನ್ನು ನೋಡಿದಿರಾ? ನೋಡಿದೆ ಎಂದೆ. ಮಾರನೆಯ ದಿನ ಕಾರು ಓಡಿಸಿದವನು ಅವನೇ ತಾನೆ? ಅವನೇ ಎಂದೆ. ಬರೆದುಕೊಂಡರು. ನಾನು ಓದಿ ನೋಡಿ, ಒಂದು ಅಕ್ಷರದೋಷ ತಿದ್ದಿ, ಸಹಿ ಹಾಕಿದೆ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಇಂಥ ಸತ್ಯ ಹೇಳುವವರಿಗಿಂತ ಹಸಿ ಸುಳ್ಳುಗಾರರು ಮೇಲು. ಅವರಿಗೆ ತಾವು ಮಾಡುತ್ತಿರುವುದೇನೆಂದು ಗೊತ್ತಿರುತ್ತದೆ.

ಎಣ್ಣೆ ಬಿಟ್ಟವನು ಡ್ರೈವರೇ ಎಂದು ಬರೆದುಕೊಂಡು ಅವನ ಲೈಸೆನ್ಸನ್ನು ಕಿತ್ತುಕೊಂಡರು. ಕೈಯಿಲ್ಲದವನಿಗೆ ಲೈಸೆನ್ಸು ಏಕೆ ಎಂದು ಕೆಲವರು ನಕ್ಕರು. ಅವನಿಗೆ ಅದು ಬೇಕಿತ್ತು. ಬೇರೆ ಯಾರಿಗಲ್ಲದಿದ್ದರೂ ನನಗೆ ಅದು ಗೊತ್ತಿತ್ತು.

ಯಜಮಾನರು ಕಾರ್ತಿಕದಲ್ಲೇ ಹೊಸ ಕಾರು ತಂದರು. ಮೂರು ವರ್ಷ ಸಿಗದಿದ್ದ ಒಳ್ಳೆಯ ದಿನ ಮೂರು ವಾರದಲ್ಲಿ ಸಿಕ್ಕಿತು. ಬೀಗರದಕ್ಕಿಂತ ಉದ್ದವಿತ್ತೋ ಇಲ್ಲವೋ, ನಾನು ಅಳೆಯಲಿಲ್ಲ. ಹಳೆಯದು ಕೊಟ್ಟಿಗೆಯಲ್ಲಿ ಉಳಿಯಿತು, ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆಯಿಟ್ಟವು. ಮುಂದಿನ ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮ ಇಟ್ಟರೆಂದು ಕೇಳಿದೆ. ಅಷ್ಟರಲ್ಲಿ ನಾನು ಕೋಣೆ ಖಾಲಿ ಮಾಡಿದ್ದೆ. ಧೈರ್ಯ ಬಂದು ಬಿಟ್ಟೆ ಎಂದು ಹೇಳಿಕೊಳ್ಳುವಂತಿಲ್ಲ. ಮದುವೆಯಾಗಿತ್ತು, ಕೋಣೆ ಚಿಕ್ಕದಾಯಿತು.

ಒಂದೇ ಒಂದು ಸಲ ಪೂರಿಗಾಲಿಗೆ ಹೋದೆ. ಡ್ರೈವರು ಮನೆಯ ಮುಂದೆ ಕಲ್ಲಿನ ಮೇಲೆ ಕೂತು, ಎಡಗೈಯಿಂದ ಹಗ್ಗದ ಗಂಟು ಬಿಚ್ಚುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. "ಬನ್ನಿ ಮೇಷ್ಟ್ರೇ, ನಮ್ಮ ಅಳ್ಳೀಗೂ ಬಂದ್ರಲ್ಲ" ಎಂದ. ಅವರ ಮನೆಯ ನೀರು ನಾನು ಕುಡಿಯುವುದಿಲ್ಲವೆಂದು ತಿಳಿದು ಎಳನೀರು ತರಿಸಿದ. ಹೆಂಡತಿ ಕೆತ್ತಿ ಕೊಟ್ಟಳು. ಮಳೆ, ಬೆಳೆ, ನನ್ನ ಮದುವೆ ಎಲ್ಲ ಮಾತಾಯಿತು. ಹೊರಡುವಾಗ ಅವನೇ ಹೇಳಿದ, ದನಿ ಏರಿಸದೆ.

"ನಮ್ಮಪ್ಪ ಗಾಡಿ ಒಡೀತಿದ್ದ ಮೇಷ್ಟ್ರೇ, ಸರಿ. ಗಾಡಿಗೆ ಕೀಲೆಣ್ಣೆ ಎಲ್ಲಿಗೆ ಬುಡ್ಬೇಕು ಅಂತ ನಂಗೊತ್ತು. ಮೋಟ್ರುಗೆ ಎಲ್ಲಿಗೆ ಬುಡ್ಬಾರ್ದು ಅಂತ್ಲೂ ನಂಗೊತ್ತು. ಅಷ್ಟೂ ತಿಳೀದೋನು ಅಂತ ಬರ್ಕಂಡ್ರಲ್ಲ… ಕೈ ಓಗಿದ್ಕಿಂತ ಅದು ಜಾಸ್ತಿ ಆಯ್ತು." ಹಗ್ಗವನ್ನು ಕಲ್ಲಿನ ಮೇಲಿಟ್ಟು ಕೇಳಿದ: "ಅವತ್ತು ನೀವು ಜಗ್ಲೀಲೇ ಇದ್ರಲ್ವಾ?"

ಎಳನೀರಿನ ಬುರುಡೆಯನ್ನು ಎಲ್ಲಿಡಬೇಕು ಎಂದು ಕೇಳಿದೆ. "ಅಲ್ಲೇ ಬುಡಿ ಮೇಷ್ಟ್ರೇ" ಎಂದ ಅವನು. ಆ ಮಾತಿನಲ್ಲಿದ್ದ ತಿರಸ್ಕಾರ ನನಗೆ ಸಲ್ಲಬೇಕಾದದ್ದೇ. ಯಜಮಾನರ ಮೇಲೆ ಇಷ್ಟು ಹೊತ್ತು ನಾನು ಸುರಿದದ್ದೆಲ್ಲ ಅದರ ಮುಂದೆ ಏನೂ ಅಲ್ಲ. ಎಣ್ಣೆ ಬಿಡುವಾಗ ಅವರಿಗೆ ಏನೂ ತಿಳಿದಿರಲಿಲ್ಲ. ಸಹಿ ಹಾಕುವಾಗ ನನಗೆ ಎಲ್ಲ ತಿಳಿದಿತ್ತು.

ಯಜಮಾನರು ತೀರಿಹೋಗಿ ಬಹಳ ವರ್ಷವಾಯಿತು. ಡ್ರೈವರೂ ಈಗಿಲ್ಲ. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಅವನು ಹೋಗಿ ಒಂದು ವರ್ಷ ಕಳೆದಿತ್ತು. ಇನ್ನೊಂದು ಸಲ ಪೂರಿಗಾಲಿಗೆ ಹೋಗಬೇಕು, ಹೋಗಿ ಹೇಳಬೇಕು ಎಂದುಕೊಂಡು ನಾನೂ ಒಳ್ಳೆಯ ದಿನ ನೋಡುತ್ತಲೇ ಇದ್ದೆ…

ಮೊನ್ನೆ ಔಷಧಿ ತರದೆಯೇ ಮನೆಗೆ ಬಂದೆ. ಮಗ ಕಾರಿನ ಬಳಿ ನಿಂತಿದ್ದ. "ಮಾರೋದಾದ್ರೆ ಮಾರು, ಇಟ್ಕೊಳ್ಳೋದಾದ್ರೆ ಇಟ್ಕೋ. ಇವತ್ತು ಮಾತ್ರ ಬ್ರೇಕ್ ಬಿಚ್ಚಿಸಿ ನೋಡು" ಎಂದೆ. "ಯಾಕಪ್ಪ, ಏನಾಯ್ತು?" ಎಂದ. ನಾನು ಒಳಗೆ ಬಂದು ಕಾಗದ ತೆಗೆದುಕೊಂಡೆ. ಆ ಅಧಿಕಾರಿ ಕೇಳದಿದ್ದ ಪ್ರಶ್ನೆಗೆ ನನ್ನ ಹೇಳಿಕೆ ಹೀಗಿದೆ:

ಆಯುಧಪೂಜೆಯ ಬೆಳಿಗ್ಗೆ ನಾನು ಜಗಲಿಯ ಮೇಲೆ ನಿಂತಿದ್ದೆ. ಡ್ರೈವರು ಅಲ್ಲಿರಲಿಲ್ಲ, ಕುಂಬಳಕಾಯಿ ತರಲು ಹೋಗಿದ್ದ. ಹಿಂದಿನ ಎರಡು ಚಕ್ರಗಳಿಗೆ ಕೀಲೆಣ್ಣೆ ಬಿಟ್ಟವರು ಯಜಮಾನರು. ಮೊದಲು ಎಡಗಡೆಯದಕ್ಕೆ, ಆಮೇಲೆ ಬಲಗಡೆಯದಕ್ಕೆ. ನಾನು ಕಣ್ಣಾರೆ ನೋಡಿದೆ.